ಹತ್ತು ವರ್ಷ ಕಳೆದು ನೋಡಿ

ಮೊನ್ನೆ ಕ್ಷೌರಿಕ ನನ್ನ ತಲೆಗೆ ಗರುಗದೆಣ್ಣೆ ತಿಕ್ಕಿದ. ಆ ವಾಸನೆಗೆ ಸಾಗರದ ಕಡೆಯ ಸಣ್ಣ ಆಸ್ಪತ್ರೆಯೊಂದರ ಜಗುಲಿ ನೆನಪಾಯಿತು, ಅಲ್ಲಿದ್ದ ನಮ್ಮ ದೊಡ್ಡ ಡಾಕ್ಟರೂ... ಅದೇ ಎಣ್ಣೆಯಲ್ಲಿ ಕೂದಲು ಕಪ್ಪು ಮಾಡಿಕೊಂಡು ಬಂದ ಒಬ್ಬ ಮದುಮಗನೂ.

ಓದು ಮುಗಿಸಿ ಆಸ್ಪತ್ರೆಯಲ್ಲೇ ವಾಸವಿದ್ದ ಎಳೆ ಡಾಕ್ಟರುಗಳಾದ ನಮ್ಮಿಬ್ಬರಿಗೆ, ಮುಖ ನೋಡಿ ವಯಸ್ಸು ಹೇಳುವುದನ್ನು ಅವರು ಜಗುಲಿಯಲ್ಲೇ ಕಲಿಸುತ್ತಿದ್ದರು. ಎದುರಿಗೆ ಕೂತ ರೋಗಿಗಳೇ ಪಾಠ. ಕಣ್ಣಂಚಿನ ಗೆರೆ, ಜೋತ ಗಲ್ಲ, ಕತ್ತಿನ ಚರ್ಮ... "ನಮ್ಮ ಸೀಮೇಲಿ ಚಳಿಜ್ವರ ಮುಖಾನ ಬೇಗ ಮುದಿ ಮಾಡ್ತದೆ. ಕಂಡದ್ರಲ್ಲಿ ಹತ್ತು ವರ್ಷ ಕಳೀರಿ" ಎನ್ನುವರು. ಮೆಲ್ಲಗೆ ಮಾತಾಡುವುದು ಅವರ ಜಾಯಮಾನವಲ್ಲ. ಊರಿಗೆಲ್ಲ ಆ ಪಾಠ ಬಾಯಿಪಾಠವಾಗಿತ್ತು.

ಐವತ್ತು ದಾಟಿದವನು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗಬಾರದೆಂದು ಆಗ ಮೈಸೂರು ಸರ್ಕಾರದ ಕಾಯಿದೆ. ಹೊಸನಗರದ ಕಡೆಯ ಒಬ್ಬ ವಿಧವೆ, ತನ್ನ ಹನ್ನೆರಡರ ಮಗಳನ್ನು ಮೈದುನ ಒಬ್ಬ ಮುದುಕನಿಗೆ ಕೊಡುತ್ತಿದ್ದಾನೆಂದು ದೂರು ಕೊಟ್ಟಳು. ವಯಸ್ಸು ನೋಡಿ ಹೇಳಿ ಎಂದು ತಾಲ್ಲೂಕಿನ ಅಮಲ್ದಾರರು ಮದುಮಗನನ್ನು ನಮ್ಮಲ್ಲಿಗೆ ಕಳಿಸಿದರು.

ದೊಡ್ಡ ಡಾಕ್ಟರು ಬಹಳ ಹೊತ್ತು ನೋಡಿ, ಐವತ್ತೆಂಟು ಕಾಣುತ್ತದೆ ಎಂದರು. ಅವನು ನಕ್ಕ. "ಜ್ವರದ ಮುಖ ಸ್ವಾಮಿ. ಹತ್ತು ಕಳೀಬೇಕು ಅಂತ ನೀವೇ ಹೇಳ್ತೀರಲ್ಲ?"

ವಿಧವೆ ಬಾಗಿಲಿಗಾತು ನಿಂತಿದ್ದಳು. "ದಾಟಿದೆ ಅಂತ ಬರ್ದ್ ಬಿಡಿ ಡಾಕ್ಟ್ರೇ. ನಿಮಗಾದ್ರೆ ಅದು ಬರೀ ಒಂದು ಸಾಲು."

ಅವನ ಹೊಟ್ಟೆಯಲ್ಲಿ, ಚಳಿಜ್ವರ ಕಾಡಿದವರಿಗೆ ಊದಿಕೊಳ್ಳುವ ಜ್ವರಗಡ್ಡೆ ನಿಜಕ್ಕೂ ಕೈಗೆ ಸಿಗುತ್ತಿತ್ತು. ದೊಡ್ಡ ಡಾಕ್ಟರು ತಾವೇ ಒಡ್ಡಿದ ಬೋನಿನಲ್ಲಿ ಸಿಕ್ಕಿಬಿದ್ದಿದ್ದರು. ಸುಳ್ಳು ಬರೆಯಲು ಕೈ ಏಳದು, ನಿಜ ಯಾವುದೆಂದು ಗೊತ್ತಿಲ್ಲ. ಕೊನೆಗೆ, ಐವತ್ತು ದಾಟಿದೆಯೆಂದು ಹೇಳಲಾಗದು ಎಂದು ಬರೆದರು. ಮದುವೆ ನಡೆದುಹೋಯಿತು.

ಕೆಲವು ವರ್ಷಗಳ ಮೇಲೆ ಒಬ್ಬಳು ಜ್ವರವೆಂದು ಕೂಸನ್ನೆತ್ತಿಕೊಂಡು ಜಗುಲಿಗೆ ಬಂದಳು. ದೊಡ್ಡ ಡಾಕ್ಟರು ಎಂದಿನಂತೆ, "ಎಷ್ಟಿರ್ಬಹುದು, ಹೇಳಿ" ಎಂದು ನನ್ನತ್ತ ತಿರುಗಿದರು. ಹತ್ತು ಕಳೆದೇ ನಾನು ಇಪ್ಪತ್ತೈದು ಎಂದೆ.

"ಹದಿನಾರು" ಎಂದಳು ಅವಳು. ಕೂಸನ್ನು ಹೆಗಲಿಗೆ ಹಾಕಿಕೊಳ್ಳುತ್ತ, "ಅವತ್ತು ಅಮ್ಮನ ಜೊತೆ ನಾನೂ ಬಂದಿದ್ದೆ. ಹೊರಗೆ ಕೂತಿದ್ದೆ" ಎಂದಳು.

ದೊಡ್ಡ ಡಾಕ್ಟರು ಎದ್ದು ಒಳಗೆ ಹೋದರು. ಆಮೇಲೆ ಜಗುಲಿಯಲ್ಲಿ ಆ ಪಾಠ ನಡೆಯಲಿಲ್ಲ.

ಈಗ ನಾನು ಆಗಿನ ಅವರಿಗಿಂತ ಮುದುಕ. ನಾನಾಗಿದ್ದರೆ ಸುಳ್ಳು ಬರೆದುಬಿಡುತ್ತಿದ್ದೆ ಎಂದು ಇವತ್ತು ಹೇಳುವುದು ಸುಲಭ. ದೊಡ್ಡ ಡಾಕ್ಟರ ಮೇಲೆ ನನಗೆ ಇನ್ನೂ ಸಿಟ್ಟಿದೆ, ಅವರಷ್ಟು ಪ್ರೀತಿಯ ಗುರುವೂ ಮತ್ತೆ ಸಿಗಲಿಲ್ಲ... ಎದುರಿಗೆ ಕೂತು ಜಗಳವಾಡೋಣವೆಂದರೆ ಅವರೇ ಇಲ್ಲ.