ಹನ್ನೊಂದು ವರ್ಷದಿಂದ ಹಿಂದಿ ಬಾರದ ನಳಿನಾಕ್ಷಿ

ಬೆಳಗಿನ ಏಳು ಗಂಟೆ. ಎರಡು ಸಾವಿರದ ನಾಲ್ಕರ ಡಿಸೆಂಬರಿನ ಸೂರ್ಯನಿಗೆ ಏಳುವ ಆತುರವಿಲ್ಲ. ಟೊರಾಂಟೋದ ಥಾರ್ನ್‌ಕ್ಲಿಫ್ ಪಾರ್ಕಿನ ಎತ್ತರದ ಕಟ್ಟಡಗಳಲ್ಲಿ ಅಡುಗೆಮನೆಯ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿವೆ. ಸಮುದಾಯ ಕೇಂದ್ರದ ಎರಡನೆಯ ಮಹಡಿಯಲ್ಲಿ ನಳಿನಾಕ್ಷಿ ಆಗಲೇ ಹಿಮದ ಬೂಟು ಕಳಚಿ, ಚಪ್ಪಲಿ ಮೆಟ್ಟಿ, ಕುರ್ಚಿ ಎಳೆಯುತ್ತಿದ್ದಾರೆ. ಇಪ್ಪತ್ತೆರಡು ಕುರ್ಚಿ, ಒಂದೊಂದರ ಮೇಲೂ ಹೆಸರಿನ ಚೀಟಿ. ಕಾಬೂಲಿನವಳ ಪಕ್ಕ ಜಾಫ್ನಾದವಳು, ಅವಳ ಪಕ್ಕ ಲಾಹೋರಿನವಳು. ಒಂದೇ ಭಾಷೆಯ ಇಬ್ಬರು ಅಕ್ಕಪಕ್ಕ ಬಂದರೆ ಚೀಟಿ ಎತ್ತಿ ಬೇರೆ ಕಡೆ ಇಡುತ್ತಾರೆ.

"ಮದುವೆ ಪಂಕ್ತಿಯಲ್ಲಿ ಪರಿಚಯದವರನ್ನು ಒಟ್ಟಿಗೆ ಕೂರಿಸ್ಲಿಕ್ಕುಂಟು. ಇಲ್ಲಿ ಬಿಡಿಸ್ಲಿಕ್ಕುಂಟು ಮಾರಾಯ್ರೆ" ಎನ್ನುತ್ತಾರೆ ಅವರು. "ಆದ್ರೆ ಎಂತ ಪ್ರಯೋಜನ? ಶಮೀಮ್ ಬಂದ ಕೂಡ್ಲೇ ಚೀಟಿ ಬದಲಾಯಿಸಿ ತನ್ನ ಭಾಷೆಯ ರಜಿಯಾನ ಹತ್ರ ಕೂತಾಯ್ತು!"

ಹೊಸದಾಗಿ ದೇಶಕ್ಕೆ ಬಂದ ಹೆಂಗಸರಿಗೆ ಇಂಗ್ಲಿಷ್ ಕಲಿಸುವ ಈ ತರಗತಿಯಲ್ಲಿ ನಳಿನಾಕ್ಷಿ ಸಹಾಯಕಿ. ಬೋರ್ಡಿನ ಮೇಲೆ ಬರೆದು ಪಾಠ ಹೇಳುವವರು ಕ್ಯಾರಲ್ ಟೀಚರ್. ಆ ಪಾಠವನ್ನು ಬಾಯಿಗೆ ತರಿಸುವುದು ನಳಿನಾಕ್ಷಿಯ ಪಾಲಿನ ಕೆಲಸ. "ಒಂಬತ್ತು ಗಂಟೆಗೆ ನಾನು ಡಾಕ್ಟ್ರ ಆಫೀಸಿನ ಹುಡುಗಿ, ಹತ್ತಕ್ಕೆ ಬಾಡಿಗೆ ಮನೆ ಓನರ್, ಹನ್ನೊಂದಕ್ಕೆ ಸಿಡುಕು ಮೋರೆಯ ಬಸ್ ಡ್ರೈವರ್. ನಮ್ಮ ಯಕ್ಷಗಾನದವರಿಗೂ ಒಂದು ಆಟದಲ್ಲಿ ಇಷ್ಟು ವೇಷ ಇರ್ಲಿಕ್ಕಿಲ್ಲ."

ಇದೆಲ್ಲಕ್ಕಿಂತ ದೊಡ್ಡ ವೇಷ ಇನ್ನೊಂದಿದೆ, ಅದನ್ನು ಅವರು ಹನ್ನೊಂದು ವರ್ಷದಿಂದ ಕಳಚಿಲ್ಲ. ಈ ತರಗತಿಯ ಪಾಲಿಗೆ ನಳಿನಾಕ್ಷಿಗೆ ಹಿಂದಿ ಬರುವುದಿಲ್ಲ.

ಬಾರದೆ ಏನು? ಕರಾವಳಿಯ ಬೆಳ್ಮಣ್ಣಿನ ಕಡೆಯ ಈ ಹೆಂಗಸು ಉಮಾನಾಥರನ್ನು ಮದುವೆಯಾಗಿ ಬಾಂಬೆ ಸೇರಿ, ಡೊಂಬಿವಲಿಯಲ್ಲಿ ಒಂಬತ್ತು ವರ್ಷ ಸಂಸಾರ ಮಾಡಿದವರು. ಲೋಕಲ್ ಟ್ರೈನಿನ ನೂಕುನುಗ್ಗಲಲ್ಲಿ ಜಾಗ ಹಿಡಿದು ಟೈಪಿಸ್ಟ್ ಕೆಲಸಕ್ಕೆ ಹೋಗಿ ಬಂದವರು. ತರಕಾರಿಯವನೊಡನೆ ಹಿಂದಿಯಲ್ಲಿ ಜಗಳಕ್ಕೆ ನಿಂತರೆ ಅವನೇ ಗಾಡಿ ತಳ್ಳಿಕೊಂಡು ಹೋಗಬೇಕಿತ್ತು. ತೊಂಬತ್ತೊಂದರಲ್ಲಿ ಗಂಡ ಹೆಂಡತಿ ಟೊರಾಂಟೋಗೆ ಬಂದರು. ಉಮಾನಾಥರಿಗೆ ವುಡ್‌ಬ್ರಿಡ್ಜಿನ ಕಿಟಕಿ ಕಾರ್ಖಾನೆಯಲ್ಲಿ ಕೆಲಸವಾಯಿತು, ಇವರಿಗೆ ಎರಡು ವರ್ಷ ಬ್ರೆಡ್ ಕಾರ್ಖಾನೆಯ ಶಿಫ್ಟು. ತೊಂಬತ್ತಮೂರರಲ್ಲಿ ಈ ತರಗತಿ ಸಿಕ್ಕಿತು.

ಮೊದಲ ಮೂರು ತಿಂಗಳು ನಳಿನಾಕ್ಷಿ ತಿಳಿಯದೆ ಒಂದು ತಪ್ಪು ಮಾಡಿದರು. ಯಾರು ತಡವರಿಸಿದರೂ ಓಡಿಹೋಗಿ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಹೆಂಗಸರಿಗೆ ತವರಿಗೆ ಬಂದಷ್ಟು ಖುಷಿ. ಆದರೆ ಪರೀಕ್ಷೆಯ ದಿನ ಹದಿನೆಂಟು ಜನರಲ್ಲಿ ಮೇಲಿನ ತರಗತಿಗೆ ಹೋದವರು ಇಬ್ಬರೇ, ಆ ಇಬ್ಬರೂ ಹಿಂದಿಯ ಗಂಧವಿಲ್ಲದ ತಮಿಳಿನವರು. ಕ್ಯಾರಲ್ ಬೈಯಲಿಲ್ಲ. "ನಿನ್ನ ಮನೆಯ ಭಾಷೆ ಯಾವುದು?" ಎಂದು ಮಾತ್ರ ಕೇಳಿದರು. ತುಳು ಎಂದರು ನಳಿನಾಕ್ಷಿ. "ಹಾಗಾದರೆ ಹೊಸ ಬ್ಯಾಚಿಗೆ ಅಷ್ಟೇ ಹೇಳು" ಎಂದರು ಕ್ಯಾರಲ್.

ಅಂದಿನಿಂದ ಬಂದ ಆರುನೂರಕ್ಕೂ ಹೆಚ್ಚು ಹೆಂಗಸರಿಗೆ ಅವರು ತುಳು ಮತ್ತು ಇಂಗ್ಲಿಷ್ ಬಿಟ್ಟು ಬೇರೇನೂ ತಿಳಿಯದ ಮದ್ರಾಸಿ. ತಿಳಿಯದವಳ ಎದುರು ಯಾರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ? ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಕೋಟು ಹಾಕಿ ಬಂದರೆ "ಬಂತು ನೋಡು ಹತ್ತಿ ಮೂಟೆ." ಚಹಾ ಕೊಟ್ಟರೆ "ಚಹಾಪುಡಿಯನ್ನು ನೀರಿಗೆ ದೂರದಿಂದ ತೋರಿಸಿ ತಂದಿದ್ದಾಳೆ." ಲಾಹೋರಿನ ಶಮೀಮ್ ಅಂತೂ ಈ ವಿದ್ಯೆಯಲ್ಲಿ ಪಳಗಿದವಳು. ಐವತ್ತೆರಡರ ವಯಸ್ಸು, ಮಾತಿನ ತುಂಬ ಒಗ್ಗರಣೆ. ಅವಳ ಉರ್ದು ಬಾಂಬೆಯ ಕಿವಿಗೆ ನೀರು ಕುಡಿದಷ್ಟು ಸಲೀಸು. ನಗು ಬಂದಾಗಲೆಲ್ಲ ನಳಿನಾಕ್ಷಿ ಕೆಮ್ಮುತ್ತಾರೆ. ಪಾಪ, ಈ ಮದ್ರಾಸಿಗೆ ಕ್ಷಯ ಇರಬೇಕು ಎಂದು ಶಮೀಮ್ ಅದಕ್ಕೂ ಒಂದು ಸೇರಿಸುತ್ತಾಳೆ.

ಸಂಜೆ ಎಟೋಬಿಕೋದ ಮನೆಯಲ್ಲಿ ಉಮಾನಾಥರದು ಒಂದೇ ಪ್ರಶ್ನೆ: "ಇವತ್ತು ಎಷ್ಟು ಬೈಗುಳ?" ಅಡುಗೆ ಮಾಡುತ್ತ ನಳಿನಾಕ್ಷಿ ಎಲ್ಲವನ್ನೂ ತುಳುವಿಗೆ ತಿರುಗಿಸುತ್ತಾರೆ, ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹೈಸ್ಕೂಲಿನ ಮಗಳು ಪ್ರಜ್ಞಾ ನಗುವುದಿಲ್ಲ. "ದಟ್ಸ್ ಸೋ ಮೀನ್, ಅಮ್ಮ. ಅವ್ರು ಸ್ಟ್ರಗಲ್ ಮಾಡ್ತಿದ್ದಾರೆ, ಯೂ ಜಸ್ಟ್ ವಾಚ್."

ಮಗಳ ಈ ಮಾತು ತಾಯಿಗೆ ಮುಳ್ಳಿನಂತೆ ನೆಟ್ಟಿದೆ. "ಅವಳು ಹೇಳುವುದರಲ್ಲಿ ಸುಳ್ಳಿಲ್ಲ. ಒಬ್ಬಳು ಕಣ್ಣಲ್ಲಿ ನೀರು ಹಾಕುವಾಗ ಗೊತ್ತಿದ್ದೂ ಸುಮ್ಮನೆ ನಿಲ್ಲುವುದುಂಟಲ್ಲ, ಅದು ಪಾಪವಾ ಪುಣ್ಯವಾ ಅಂತ ನನಗೇ ಗೊತ್ತಿಲ್ಲ."

ಕಳೆದ ತಿಂಗಳು ಆ ಪ್ರಶ್ನೆ ಎದುರಿಗೇ ಬಂದು ನಿಂತಿತು. ಒಂದು ಸೋಮವಾರ ಶಮೀಮ್‌ಳಿಗೆ ಆಸ್ಪತ್ರೆಯಿಂದ ಫೋನು. ತುಂಬು ಬಸುರಿ ಮಗಳಿಗೆ ದಿನಕ್ಕೆ ಮೊದಲೇ ನೋವು ಬಂದಿದೆ. ಲಾರಿ ಓಡಿಸುವ ಅಳಿಯ ಮಾಂಟ್ರಿಯಲ್ ದಾರಿಯಲ್ಲಿದ್ದಾನೆ. ಕ್ಯಾರಲ್ ಅಂದು ರಜೆ. ಅತ್ತ ಕಡೆಯ ನರ್ಸು ಗಾಳಿಯಂತೆ ಮಾತಾಡುತ್ತಿದ್ದಾಳೆ. ಶಮೀಮ್ ಎರಡು ಮಾತು ಕೇಳಿದವಳೇ ರಿಸೀವರನ್ನು ನಳಿನಾಕ್ಷಿಯ ಎದೆಗೆ ಒತ್ತಿ ಉರ್ದುವಿನಲ್ಲಿ ಅತ್ತಳು: "ನೀನು ಕೇಳು ತಾಯಿ! ನನ್ನ ಮಗಳು ಬದುಕಿದ್ದಾಳಾ ಕೇಳು!"

"ಹಿಂದಿ ನಾಲಿಗೆ ತುದಿಗೆ ಬಂದಾಗಿತ್ತು" ಎನ್ನುತ್ತಾರೆ ನಳಿನಾಕ್ಷಿ. ಅವರು ರಿಸೀವರ್ ಕಿವಿಗಿಟ್ಟು ಎರಡು ಕ್ಷಣ ಆಲಿಸಿದರು. ಮಗಳು ಕ್ಷೇಮ, ಅಮ್ಮನನ್ನು ಕೇಳುತ್ತಿದ್ದಾಳೆ, ಅಷ್ಟೇ. ಜೀವ ಬಂದಂತಾಯಿತು. ಹಿಂದಿಯಲ್ಲಿ ಒಂದು ಮಾತು ಹೇಳಿದರೆ ಶಮೀಮ್‌ಳ ಅಳು ನಿಲ್ಲುತ್ತಿತ್ತು. ಆದರೆ ಹೆರಿಗೆ ಕೋಣೆಯ ಬಾಗಿಲಲ್ಲಿ, ಮಗಳ ಹಾಸಿಗೆಯ ಪಕ್ಕದಲ್ಲಿ ಇವಳ ಪರವಾಗಿ ಮಾತಾಡುವವರು ಯಾರು? ಅವರು ಶಮೀಮ್‌ಳ ಬೆನ್ನ ಮೇಲೆ ಕೈಯಿಟ್ಟು, "ಡಾಟರ್ ಓಕೆ" ಎಂದು, ರಿಸೀವರನ್ನು ಮತ್ತೆ ಅವಳ ಕೈಗೇ ಕೊಟ್ಟರು. "ನೌ ಯೂ. ಸೇ, ಪ್ಲೀಸ್ ಸ್ಲೋ."

ಶಮೀಮ್ ಉರಿಗಣ್ಣು ಬಿಟ್ಟಳು. ಮೂಗು ಒರೆಸಿಕೊಂಡಳು. "ಪ್ಲೀಸ್, ಸ್ಲೋ. ಐ ಆಮ್ ಮದರ್. ಮೈ ಡಾಟರ್ ರುಬೀನಾ. ವೇರ್ ಐ ಕಮ್?" ನರ್ಸು ನಿಧಾನಿಸಿದಳು. ನಾಲ್ಕನೆಯ ಮಹಡಿ, ಪೂರ್ವದ ಬಾಗಿಲು, ಮಗಳ ಹೆಲ್ತ್ ಕಾರ್ಡ್ ತರಬೇಕು. ಶಮೀಮ್ ಒಂದೊಂದನ್ನೂ ತಿರುಗಿ ಹೇಳಿ, ಕೋಟಿನ ಗುಂಡಿ ತಪ್ಪುತಪ್ಪಾಗಿ ಹಾಕಿಕೊಂಡು ಒಬ್ಬಳೇ ಓಡಿದಳು. ನಳಿನಾಕ್ಷಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತರು.

ಮೂರು ದಿನ ಶಮೀಮ್‌ಳ ಕುರ್ಚಿ ಖಾಲಿ. ನಾಲ್ಕನೆಯ ದಿನ ದೊಡ್ಡ ಡಬ್ಬಿ ತುಂಬ ಲಡ್ಡು ಹೊತ್ತು ಬಂದಳು. ಗಂಡು ಮೊಮ್ಮಗು, ಏಳು ಪೌಂಡು. ಎಲ್ಲರಿಗೂ ಹಂಚಿದ ಮೇಲೆ ಯಥಾಪ್ರಕಾರ ಚೀಟಿ ಬದಲಾಯಿಸಿ ರಜಿಯಾಳ ಪಕ್ಕ ಕೂತಳು. ನಳಿನಾಕ್ಷಿ ಎರಡು ಮಾರು ದೂರದಲ್ಲಿ ಬೋರ್ಡು ಒರೆಸುತ್ತಿದ್ದರು.

"ಈ ಹತ್ತಿ ಮೂಟೆಗೆ ನಮ್ಮ ಮಾತು ಬಾರದ್ದು ಅಲ್ಲಾಹನ ದಯೆ ಕಣೇ" ಎಂದಳು ಶಮೀಮ್ ಉರ್ದುವಿನಲ್ಲಿ. "ಬರುತ್ತಿದ್ದರೆ ಅಂದು ಫೋನು ಅವಳಿಗೆ ಕೊಟ್ಟು ನಾನು ಅಳುತ್ತ ಕೂರುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ನಾನೇ ಹೇಳಿದೆ, ನಾನೇ ಕೇಳಿದೆ. ನನ್ನ ಮಗಳು ಬಾಯಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು."

ಡಸ್ಟರು ಕೈಜಾರಿ ಬಿತ್ತು. ನಳಿನಾಕ್ಷಿ ಕೆಮ್ಮಿದರು, ಬಗ್ಗಿ ಎತ್ತಿಕೊಂಡರು. ಏನೂ ತಿಳಿಯದವರಂತೆ ತಿರುಗಿ, "ಶಮೀಮ್, ವಾಟ್ ಆರ್ ಯೂ ಸೇಯಿಂಗ್ ಟು ರಜಿಯಾ?" ಎಂದರು.

ಶಮೀಮ್ ಕಣ್ಣು ಕೂಡ ಮಿಟುಕಿಸಲಿಲ್ಲ. "ನಥಿಂಗ್, ಟೀಚರ್. ಐ ಸೇ, ಟುಡೇ ವೆರಿ ಕೋಲ್ಡ್, ಬಸ್ ಈಸ್ ಲೇಟ್."

ಇದನ್ನು ಹೇಳುವಾಗ ನಳಿನಾಕ್ಷಿಯ ಮುಖ ಅರಳುತ್ತದೆ. ತರಗತಿಯವರಿಗೆ ಕನ್ನಡ ಓದಲು ಬಾರದು, ಹಾಗಾಗಿ ಈ ಗುಟ್ಟನ್ನು ಇಲ್ಲಿ ಬರೆದರೆ ಅಡ್ಡಿಯಿಲ್ಲ ಎಂಬ ಧೈರ್ಯ ಅವರಿಗಿದೆ.

"ಒಂದು ತಡವರಿಕೆ ಇಲ್ಲ, ಒಂದೇ ಉಸಿರು. ಇಂಗ್ಲಿಷಲ್ಲಿ ನನ್ನ ಎದುರೇ ಎಷ್ಟು ಚಂದ ಸುಳ್ಳು ಹೇಳಿದ್ಳು ಮಾರಾಯ್ರೆ! ನಾನು ಕಲಿಸಿದ ಹುಡುಗಿ ಅವಳು."