ಮೋಟಾರಿಗೆ ಕಡಲೆಹಿಟ್ಟು ಹಚ್ಚಿದ ಗುಂಡಮ್ಮ

ಕೋಟೆಯ ಕಂದಕದ ಪಕ್ಕದ ತಗಡಿನ ಶೆಡ್ಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗುಂಡಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೋಟಾರಿನ ಮುಂದೆ ಕೂತುಬಿಟ್ಟಿದ್ದಾಳೆ. ಕಲಬುರಗಿಯ ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ್ದ ಮಡ್‌ಗಾರ್ಡುಗಳು, ಕಾಲಿಡುವ ಹಲಗೆ, ದೀಪದ ಸುತ್ತಿನ ಪಟ್ಟಿ ಎಲ್ಲ ಈಗ ಕರ್ರಗೆ ಮಿರುಗುತ್ತಿವೆ. ಹಳೆಯದನ್ನು ಕೆರೆದು, ಹೊಸ ಬಣ್ಣ ಬಳಿದು, ಒಣಗಿಸಿ ಆಗಿದೆ. ಈಗ ಅಗಸೆ ಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಮೇಲೆಲ್ಲ ಸವರುತ್ತಿದ್ದಾಳೆ. ಟಾಂಗಾಕ್ಕೆ ಬಣ್ಣ ಬಳಿಯುವವರು ಕೆಲಸ ಮುಗಿಸುವುದು ಹೀಗೆಯೇ.

ಒಂದೇ ಜಾಗವನ್ನು ಎರಡೆರಡು ಸಲ ಸವರುತ್ತಾಳೆ. ಈ ಕೆಲಸ ಕೆಟ್ಟರೆ ಶೆಡ್ಡೇ ಹೋಗುತ್ತದೆ!

ಗಂಡ ಅಣವೀರಪ್ಪ ಊರಿನ ಟಾಂಗಾಗಳಿಗೆಲ್ಲ ಬಣ್ಣ ಬಳಿದವನು. ಅರ್ಧ ಕೆಲಸ ಗುಂಡಮ್ಮನದು, ಹೆಸರು ಮಾತ್ರ ಅವನದು. ಹೋದ ಚಳಿಗಾಲದಲ್ಲಿ ಅವನು ಜ್ವರದಿಂದ ತೀರಿಕೊಂಡ ಮೇಲೆ ಮೈದುನ ಸೂಗಪ್ಪ ನೆಟ್ಟಗೆ ಹೋಗಿ ಶೆಡ್ಡಿನ ಒಡತಿ ಸಾವಿತ್ರಿಬಾಯಿಯ ಕಿವಿ ಕಚ್ಚಿದ. “ಬಾಯಾರ, ಬ್ರಶ್ ಹಿಡಿಯೂದು ಹೆಣ್ಣುಮಕ್ಕಳ ಕೆಲಸೇನ್ರಿ? ಶೆಡ್ಡು ನನಗ ಕೊಡ್ರಿ.”

ಬಾಯಿಯವರು ಹೊಲ, ತೋಟ, ಮೋಟಾರು ಎಲ್ಲ ಉಳ್ಳವರು. ಯಾರ ಮಾತಿಗೂ ತಟ್ಟನೆ ತಲೆಯಾಡಿಸುವವರಲ್ಲ. “ಆಕಿ ನನ್ನ ಮೋಟಾರಿಗೆ ಬಣ್ಣಾ ಹಚ್ಚಲಿ. ಬಣ್ಣಕ್ಕ ಹೈದರಾಬಾದಿಗೆ ಕಳಿಸೂದು ನನಗೂ ಸಾಕಾಗ್ಯದ. ಕಮಲಾಪುರಕ್ಕ ಹೋಗಿ ಬರೂತನಕ ಬಣ್ಣ ನೆಟ್ಟಗಿದ್ರ ಶೆಡ್ಡು ಆಕಿದು, ಇಲ್ಲಾಂದ್ರ ನಿಂದು” ಎಂದುಬಿಟ್ಟರು.

ಆ ದಿನ ಇವತ್ತೇ. ಬಾಯಿಯವರು ಹಿಂದಿನ ಸೀಟಿನಲ್ಲಿ, ಪಕ್ಕದಲ್ಲಿ ಮುದುಡಿಕೊಂಡು ಗುಂಡಮ್ಮ, ಮುಂದೆ ಡ್ರೈವರ್ ದೇವೀಂದ್ರಪ್ಪ. ಊರು ದಾಟುತ್ತಲೇ ಧೂಳು ಏಳುತ್ತದೆ. ಎದುರು ಬರುವ ಬಂಡಿಗಳ ಧೂಳು ಬೇರೆ. ಗುಂಡಮ್ಮ ಕತ್ತು ಚಾಚಿ ಮಡ್‌ಗಾರ್ಡಿನ ಕಡೆಗೇ ನೋಡುತ್ತಾಳೆ, ಏನೂ ಕಾಣುವುದಿಲ್ಲ.

ಕಮಲಾಪುರದಲ್ಲಿ ಬಾಯಿಯವರು ಬಾಳೆತೋಟದ ಬೀಗರ ಮನೆಗೆ ಊಟಕ್ಕೆ ಹೋಗುತ್ತಾರೆ. ಗುಂಡಮ್ಮ ಕೆಳಗಿಳಿದು ನೋಡುತ್ತಾಳೆ. ಕಪ್ಪು ಎಲ್ಲಿದೆ? ಮಡ್‌ಗಾರ್ಡಿನ ತುಂಬ ಕೆಮ್ಮಣ್ಣು. ಊದಿದರೆ ಹಾರುವುದಿಲ್ಲ, ಬೆರಳಿಟ್ಟರೆ ಅಂಟುತ್ತದೆ. ದೇವೀಂದ್ರಪ್ಪ ಅರಿವೆ ತೆಗೆದುಕೊಂಡು ಮುಂದೆ ಬರುತ್ತಾನೆ.

“ಮುಟ್ಟಬ್ಯಾಡೋ ಯಣ್ಣಾ! ಉಸುಕೈತಿ ಅದರಾಗ, ಬಣ್ಣ ಗೀಚಿ ಹೋಗತೈತಿ!”

ತಪ್ಪು ಎಲ್ಲಾಯಿತೆಂದು ಆ ಗಳಿಗೆಯಲ್ಲೇ ಅವಳಿಗೆ ತಿಳಿಯುತ್ತದೆ. “ಟಾಂಗಾದ ಕಟ್ಟಿಗಿ ಎಣ್ಣಿ ಕುಡೀತೈತೋ ಯಣ್ಣಾ. ತಗಡು ಎಲ್ಲಿ ಕುಡೀಬೇಕು? ಎಣ್ಣಿ ಮ್ಯಾಲೇ ನಿಂತು ಧೂಳೆಲ್ಲಾ ಹಿಡಕೊಂಡು ಕುಂತೈತಿ” ಎನ್ನುತ್ತಾಳೆ ಗುಂಡಮ್ಮ.

ಊಟ ಮುಗಿಯುವುದರೊಳಗೆ ಏನಾದರೂ ಆಗಬೇಕು. ಅಳುತ್ತ ಕೂತರೆ ಸೂಗಪ್ಪನಿಗೆ ಕೀಲಿಕೈ ತಾನೇ ಒಪ್ಪಿಸಿದಂತೆ. ಮೈಗೆ ಹಚ್ಚಿದ ಎಣ್ಣೆ ಹೋಗಬೇಕಾದರೆ ಹೆಣ್ಣುಮಕ್ಕಳು ಏನು ಮಾಡುತ್ತಾರೆ? ಗುಂಡಮ್ಮ ಎದುರು ಮನೆಯ ಬಾಗಿಲಿಗೆ ಓಡುತ್ತಾಳೆ. ಅದು ಇಕ್ಬಾಲ್ ಬೇಗಂ ಅವರ ಮನೆ.

“ಅವ್ವಾ, ಒಂದೀಟು ಕಡ್ಲಿಹಿಟ್ಟು ಕೊಡ್ರಿ, ಪುಣ್ಯಾ ಬರತೈತಿ!”

“ಬೇಸನ್? ಯಾಕವ್ವಾ, ಮೋಟಾರದಾಗ ಭಜಿ ಕರೀತೀಯೇನು?” ಬೇಗಂ ನಗುತ್ತಲೇ ಬೋಗುಣಿ ತುಂಬಿಸಿ ಕೊಡುತ್ತಾರೆ. ಕೊಡ ನೀರೂ ಕೊಡುತ್ತಾರೆ.

ಹಿಟ್ಟನ್ನು ತೆಳ್ಳಗೆ ಕಲಸಿ ಮಡ್‌ಗಾರ್ಡಿಗೆ ತಟ್ಟುತ್ತಾಳೆ. ತಿಕ್ಕುವುದಿಲ್ಲ. ಹಸುಗೂಸಿಗೆ ಎರೆಯುವಂತೆ ಒಂದು ಕೈಯಲ್ಲಿ ನೀರು ಬಿಡುತ್ತ ಇನ್ನೊಂದರಲ್ಲಿ ಮೆಲ್ಲಗೆ ಸವರುತ್ತಾಳೆ. ಎಣ್ಣೆ, ಮಣ್ಣು, ಹಿಟ್ಟು ಒಟ್ಟಿಗೇ ಇಳಿಯುತ್ತವೆ. ಕೆಳಗಿನಿಂದ ಕಪ್ಪು ಕಾಣಿಸುತ್ತದೆ. ಅಷ್ಟರಲ್ಲಿ ದೇವೀಂದ್ರಪ್ಪ ಚಪ್ಪಲಿ ಹೊಲಿಯುವವರ ಹತ್ತಿರ ಜೇನುಮೇಣದ ಉಂಡೆ ಇಸಿದುಕೊಂಡು ಬರುತ್ತಾನೆ. ಬಿಸಿಲಿಗೆ ಕಾದ ತಗಡಿನ ಮೇಲೆ ಮೇಣ ತಾನಾಗಿ ಕರಗುತ್ತದೆ. ತೆಳ್ಳಗೆ ಹರಡಿ, ಆರಿದ ಮೇಲೆ ಒಣ ಅರಿವೆಯಿಂದ ಉಜ್ಜುತ್ತಾಳೆ.

ಕೊನೆಯ ಮಡ್‌ಗಾರ್ಡು ಮುಗಿಯುವುದಕ್ಕೂ ಬಾಯಿಯವರು ಹೊರಬರುವುದಕ್ಕೂ ಸರಿಹೋಗುತ್ತದೆ. “ಮೊಣಕೈತನಕ ಹಿಟ್ಟ್ಯಾಕ ಗುಂಡವ್ವ?”

ಒಂದು ಸುಳ್ಳು ನಾಲಗೆಯ ತುದಿಗೆ ಬರುತ್ತದೆ. ಅದನ್ನು ನುಂಗಿಕೊಳ್ಳುತ್ತಾಳೆ. “ತಪ್ಪು ನಂದರೀ ಬಾಯಾರ. ಎಣ್ಣಿ ಹಚ್ಚಬಾರದಿತ್ತು, ಹಚ್ಚಿದ್ದೆ. ತೊಳದು ಮೇಣ ತಿಕ್ಕೀನಿ. ವಾಪಸ್ ಹೋಗೂದರಾಗ ನೋಡ್ರಿ.”

ಬಾಯಿಯವರು ಮೋಟಾರು ಹತ್ತುತ್ತಾರೆ. ಕಲಬುರಗಿ ಮುಟ್ಟುವವರೆಗೂ ಮತ್ತೆ ಅದೇ ಧೂಳು. ಗುಂಡಮ್ಮನ ಜೀವ ಅಂಗೈಯಲ್ಲಿದೆ.

ಶೆಡ್ಡಿನ ಬಾಗಿಲಲ್ಲಿ ಸೂಗಪ್ಪ ಕಾದು ನಿಂತಿದ್ದಾನೆ. ಧೂಳು ಕವಿದ ಮೋಟಾರು ಕಂಡು ಅವನ ಮುಖ ಅರಳುತ್ತದೆ. “ನೋಡ್ರಿ ಬಾಯಾರ, ನಾ ಮೊದಲೇ ಹೇಳಿದ್ದಿಲ್ಲೇನ್ರಿ?”

ಬಾಯಿಯವರು ದೇವೀಂದ್ರಪ್ಪನ ಹೆಗಲ ಮೇಲಿನ ಟವೆಲ್ ಎಳೆದುಕೊಂಡು ತಾವೇ ಮಡ್‌ಗಾರ್ಡಿನ ಮೇಲೆ ಒಮ್ಮೆ ಮೆಲ್ಲಗೆ ಹೊಡೆಯುತ್ತಾರೆ. ಧೂಳು ಹಾರಿ ಹೋಗುತ್ತದೆ. ಬಗ್ಗಿ ನೋಡುತ್ತಾರೆ, ಅವರ ಮೂಗುತಿಯ ಹೊಳಪು ಕಪ್ಪಿನಲ್ಲಿ ಕಾಣುತ್ತದೆ. “ಕೀಲಿಕೈ ಆಕಿ ಹತ್ತಿರಾನ ಇರ್ಲಿ, ಸೂಗಪ್ಪ.”

ಈಗ ಕೋಟೆಯ ಕಡೆ ಬರುವ ಮೋಟಾರಿನವರು ಗುಂಡಮ್ಮನ ಶೆಡ್ಡು ಯಾವುದೆಂದು ಕೇಳುತ್ತಾರೆ. ಅವಳನ್ನು ಹೊಗಳಹೋದರೆ ಮುಖ ತಿರುಗಿಸುತ್ತಾಳೆ. ಬ್ರಶ್ ತೊಳೆಯುತ್ತ ಇಷ್ಟು ಹೇಳುತ್ತಾಳೆ: “ಮೊದಲ ಏನರ ಕೆಟ್ರ, ನನ್ನ ಗಂಡ ಹಂಗ ಕಲಿಸ್ಯಾನ್ರಿ ಅಂತಿದ್ದೆ. ಈಗ ಹಂಗ ಅನ್ನಾಂಗಿಲ್ಲ. ಕೆಟ್ರೂ ನಂದ, ಛಲೋ ಆದ್ರೂ ನಂದ.”