‘ಕಟ್ಟೀನಿ’ ಎಂಬ ಮಾತಿಗೆ ನಾನು ಹೇಳಿದ ಅರ್ಥ

ಆ ಹಾಡುಗಳನ್ನು ಕಟ್ಟಿದವಳು ಬೆಟಗೇರಿಯ ಫಕ್ಕೀರವ್ವ. ಕಟ್ಟಿದವಳು ಅವಳಲ್ಲ ಎಂದು ಜೈಸಲ್ಮೇರಿನ ಹಳದಿ ಕಲ್ಲಿನ ಪಡಸಾಲೆಯೊಂದರಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ, ಏಳು ಜನರ ಎದುರು ಹೇಳಿದವಳು ನಾನು. ಬಾಯಿತಪ್ಪಿ ಹೇಳಿದ್ದಲ್ಲ. ಭಾಷೆ ಸಾಲದೆ ಹೇಳಿದ್ದೂ ಅಲ್ಲ. ಸರಿಯಾದ ಪದ ನಾಲಿಗೆಯ ಮೇಲೆ ಬಂದು ನಿಂತಿತ್ತು. ಅದನ್ನು ನುಂಗಿ ಇನ್ನೊಂದನ್ನು ಆರಿಸಿಕೊಂಡೆ. ಕಾರಣ ಹೊಟ್ಟೆಕಿಚ್ಚು. ಅದಕ್ಕಿಂತ ಗೌರವಸ್ಥ ಕಾರಣವೊಂದನ್ನು ನಾಲ್ಕು ವರ್ಷ ಹುಡುಕಿದೆ — ಸಿಗಲಿಲ್ಲ.

ನನ್ನ ಅಂಕಣ ಓದುವವರಿಗೆ ನನ್ನ ದನಿ ಗೊತ್ತು. ಯಾರು ರಚಿಸಿದರು, ಯಾರ ಹೆಸರಿನಲ್ಲಿ ಅಚ್ಚಾಯಿತು, ಯಾರು ಉತ್ತರ ಕೊಡಬೇಕು — ಇವು ನಾನು ಇತರರಿಗೆ ಕೇಳುತ್ತ ಬಂದ ಪ್ರಶ್ನೆಗಳು. ಹೆಣ್ಣುಮಕ್ಕಳ ಹಾಡಿನ ಕೆಳಗೆ ‘ಕರ್ತೃ ಅಜ್ಞಾತ’ ಎಂದು ಅಚ್ಚು ಹಾಕಿಸುವವರನ್ನು ನಾನು ಕಳ್ಳರೆಂದು ಕರೆದಿದ್ದೇನೆ. ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಅದು ಮೊದಲು ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಲಕ್ಷ್ಮೇಶ್ವರದವಳು. ನಮ್ಮದು ಸೀರೆಯ ಅಂಗಡಿ. ಬೆಟಗೇರಿಯ ಮಗ್ಗಗಳಿಂದ ಮಾಲು ತರುವ ಮನೆ. ಅಂಗಡಿಗೆ ಬಂದುಹೋಗುತ್ತಿದ್ದ ಮಾರವಾಡಿ ವ್ಯಾಪಾರಿಗಳ ಮಾತು ಕೇಳುತ್ತ ಕೇಳುತ್ತ ಚಿಕ್ಕಂದಿನಲ್ಲೇ ನನಗೆ ಹಿಂದಿ ಬಂದಿತ್ತು. ಧಾರವಾಡದಲ್ಲಿ ಎಂ.ಎ. ಓದುವಾಗ ನೇಕಾರ ಹೆಣ್ಣುಮಕ್ಕಳ ಹಾಡುಗಳ ಮೇಲೆ ಪ್ರಬಂಧ ಬರೆಯಬೇಕಾಗಿ ಬಂದು ಬೆಟಗೇರಿಯ ಓಣಿಗಳಲ್ಲಿ ಅಲೆದೆ. ಅಲ್ಲಿ ಸಿಕ್ಕವಳು ಫಕ್ಕೀರವ್ವ. ನನಗಿಂತ ಎರಡು ವರ್ಷ ಚಿಕ್ಕವಳು. ಪಿಯುಸಿ ಮುಗಿಸಿ ಮನೆಗೆಲಸಕ್ಕೆ ನಿಂತವಳು. ಅವಳ ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ನಡೆಸುತ್ತಿದ್ದರೆ ಇವಳು ಪಕ್ಕದಲ್ಲಿ ಕುಳಿತು, ರಾಟಿ ತಿರುವಿ, ಲಾಳಿಗೆ ಹಾಕುವ ಕಂಡಿಕಿಗಳಿಗೆ ನೂಲು ಸುತ್ತುತ್ತಿದ್ದಳು. ರಾಟಿಯ ತಿರುವಿಗೆ ತಕ್ಕಂತೆ ಹಾಡು. ತೀರಿಹೋದ ತಾಯಿಯಿಂದ ಬಂದ ಹಾಡುಗಳು ಎಂದುಕೊಂಡು ನಾನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ಮೂರನೆಯ ಸಲ ಹೋದಾಗ ಒಂದು ಹಾಡಿನಲ್ಲಿ ಮೊಬೈಲ್ ಚಾರ್ಜರ್ ಬಂತು. ಗಂಡ ಊರಿಗೆ ಹೋಗುವಾಗ ಹೆಂಡತಿಯನ್ನು ಮರೆತು ಚಾರ್ಜರನ್ನು ಮಾತ್ರ ನೆನಪಿಟ್ಟು ಒಯ್ದನಂತೆ. ನಿಮ್ಮ ತಾಯಿಯ ಹಾಡಿನಲ್ಲಿ ಚಾರ್ಜರ್ ಎಲ್ಲಿಂದ ಬಂತು ಎಂದು ಕೇಳಿದೆ. ಅವಳು ಹಲ್ಲಿನಿಂದ ನೂಲು ಕಡಿದು, ತಲೆ ಎತ್ತದೆ ಹೇಳಿದಳು:

“ಅದು ಅವ್ವಂದಲ್ಲರಿ ಅಕ್ಕಾರ. ಅದನ್ನ ನಾ ಕಟ್ಟೀನಿ.”

ನಮ್ಮ ಕಡೆ ಮನೆ ಕಟ್ಟುತ್ತಾರೆ, ಬುತ್ತಿ ಕಟ್ಟುತ್ತಾರೆ, ಹಾಡನ್ನೂ ಕಟ್ಟುತ್ತಾರೆ. ಹಾಡು ಕಟ್ಟುವುದೆಂದರೆ ಅದುವರೆಗೆ ಇಲ್ಲದ್ದನ್ನು ಇರುವಂತೆ ಮಾಡುವುದು. ಇದರಲ್ಲಿ ನಮ್ಮ ಭಾಗದ ಯಾರಿಗೂ ಗೊಂದಲವಿಲ್ಲ. ನನಗೆ ಇರಲಿಲ್ಲ — ಇದನ್ನು ಒತ್ತಿ ಹೇಳಬೇಕು — ನನಗೆ ಕಿಂಚಿತ್ತೂ ಇರಲಿಲ್ಲ. ಅಂದು ಕುಳಿತು ಒಂದೊಂದೇ ಹಾಡನ್ನು ಮತ್ತೆ ಕೇಳಿಸಿ ವಿಚಾರಿಸಿದೆ. ಅರ್ಧಕ್ಕಿಂತ ಹೆಚ್ಚು ಅವಳವೇ.

ಆ ದಿನ ನನಗಾದ ಸಂತೋಷ ಸುಳ್ಳಲ್ಲ. ಆದರೆ ಅದು ಲಕ್ಷ್ಮೇಶ್ವರದಲ್ಲಿ ಬಸ್ಸು ಇಳಿಯುವವರೆಗೆ ಮಾತ್ರ ಬಾಳಿತು. ಮನೆಗೆ ಬಂದು ನನ್ನ ಪದ್ಯಗಳ ನೋಟುಬುಕ್ಕು ತೆರೆದೆ. ಏಳು ವರ್ಷ ತಿದ್ದಿ ತೀಡಿದ ಸಾಲುಗಳು. ಛಂದಸ್ಸು ಗೊತ್ತಿತ್ತು, ಕಾವ್ಯಮೀಮಾಂಸೆ ಗೊತ್ತಿತ್ತು. ಚಾರ್ಜರನ್ನು ಒಂದು ಹಾಡಿನೊಳಗೆ ಹೀಗೆ ಸಲೀಸಾಗಿ ಕೂರಿಸುವುದು ಮಾತ್ರ —

ಮರುಭೂಮಿಯ ಆ ಊರಿನ ಒಂದು ಸಂಸ್ಥೆ ಪ್ರತಿ ವರ್ಷ ಬೇರೆ ಬೇರೆ ಭಾಷೆಗಳಿಂದ ಹಾಡು ರಚಿಸುವ ಕೆಲವು ಹೆಂಗಸರನ್ನು ಕರೆಸುತ್ತಿತ್ತು. ಅವರಲ್ಲಿ ಒಬ್ಬಳನ್ನು ಆರಿಸಿ ಒಂದು ವರ್ಷ ಅಲ್ಲೇ ಇರಿಸಿಕೊಂಡು, ಅವಳ ಹೆಸರಿನಲ್ಲಿ ಪುಸ್ತಕ ತರುತ್ತಿತ್ತು. ಫಕ್ಕೀರವ್ವನ ಹಾಡುಗಳನ್ನು ಕಳಿಸಿದೆ. ಜೊತೆಗೆ, ಯಾರಿಗೂ ಹೇಳದೆ, ನನ್ನ ಪದ್ಯಗಳನ್ನೂ ಕಳಿಸಿದೆ. ಬಂದ ಪತ್ರದಲ್ಲಿ ಅವಳ ಹೆಸರಿತ್ತು. ನನ್ನ ಪಾಲಿಗೆ ಕೊನೆಯಲ್ಲಿ ಒಂದು ಸಾಲು: ಇವರೊಂದಿಗೆ ಒಬ್ಬ ದುಭಾಷಿ ಬರಬಹುದು.

ಫಾಲ್ಗುಣದ ಮೊದಲ ದಿನಗಳಲ್ಲಿ ಹೊರಟೆವು. ನಿಲ್ದಾಣಕ್ಕೆ ಕಳಿಸಲು ಬಂದ ಅವಳ ಅಪ್ಪ, ಉಸುಕಿನ ನಾಡಿನಲ್ಲಿ ಮಗಳು ಕಳೆದುಹೋದರೆ ಹುಡುಕಲು ತನಗೆ ಒಂಟೆ ಹತ್ತಲು ಬಾರದು, ಸೆರಗು ಗಂಟು ಹಾಕಿಕೊಂಡೇ ಅಡ್ಡಾಡಿಸಿರಿ ಎಂದು ನನ್ನೊಡನೆ ತಮಾಷೆ ಮಾಡಿದ. ರೈಲಿನಲ್ಲಿ ‘ಅಕ್ಕಾರ’ ಬಿಡು, ‘ಅಕ್ಕ’ ಅನ್ನು, ‘ರಿ’ ಹಚ್ಚಬೇಡ ಎಂದು ನಾನೇ ಅವಳಿಗೆ ಹೇಳಿದೆ. ಹೇಳಿದವಳೇ, ಅವಳು ಮರುಗಳಿಗೆಯಲ್ಲಿ ಸಲೀಸಾಗಿ ಹಾಗೆ ಕರೆದಾಗ, ಒಳಗೊಳಗೆ ಕುಗ್ಗಿದೆ. ದೊಡ್ಡತನ ತೋರಿಸುವ ಅವಕಾಶವೂ ಅಷ್ಟು ಬೇಗ ಮುಗಿಯಬೇಕೆ?

ಜೈಸಲ್ಮೇರಿನಲ್ಲಿ ಬೆಳಿಗ್ಗೆ ಶಾಲು ಬೇಕು, ಮಧ್ಯಾಹ್ನ ನೆರಳು ಬೇಕು. ಕೋಟೆ, ಮನೆ, ಬೀದಿ ಎಲ್ಲಕ್ಕೂ ಒಂದೇ ಜೇನುಬಣ್ಣ. ಎಲೆಗಳೇ ಕಾಣದ ಒಂದು ಗಿಡದ ತುಂಬ ಕಿತ್ತಳೆ ಬಣ್ಣದ ಹೂ. ರೋಹಿಡಾ ಎಂದರು, ವಸಂತ ಇಲ್ಲಿ ಇದರಿಂದಲೇ ತಿಳಿಯುವುದೆಂದರು. ನಾನು ಹೆಸರು ಬರೆದುಕೊಂಡೆ. ಫಕ್ಕೀರವ್ವ ಬರೆದುಕೊಳ್ಳಲಿಲ್ಲ, ಅವಳು ಅಂಗಳದ ಮೂಲೆಗೆ ಹೋಗಿ ಅಲ್ಲಿದ್ದ ಮುಳ್ಳಿನ ಮರದ ಟೊಂಗೆ ಬಗ್ಗಿಸಿ ನೋಡುತ್ತಿದ್ದಳು. ಅವರು ಅದನ್ನು ಖೇಜಡಿ ಎನ್ನುತ್ತಾರೆ. ಅದು ನಮ್ಮ ಬನ್ನಿ. ಅವಳು ನಾಲ್ಕು ಎಲೆ ಕಿತ್ತು, ಸಂಸ್ಥೆಯ ಹಿರಿಯಾಕೆಯ — ಎಲ್ಲರೂ ಬಾಯಿಸಾ ಎಂದು ಕರೆಯುತ್ತಿದ್ದ ಮುದುಕಿಯ — ಅಂಗೈಯಲ್ಲಿಟ್ಟು, ದಸರೆಯಲ್ಲಿ ನಾವು ಹಿರಿಯರಿಗೆ ಮಾಡುವಂತೆ ಕಾಲು ಮುಟ್ಟಿದಳು. ಬಂಗಾರ ಅಂತ ತಿಳಿದು ಇಟ್ಟುಕೊಳ್ಳಿರಿ ಎಂದಳು. ಬಾಯಿಸಾ ನನ್ನತ್ತ ತಿರುಗಿ ಏನೆಂದಳು ಎಂದು ಕೇಳಿದರು. ನಾನು ಬನ್ನಿಯ ಪದ್ಧತಿಯನ್ನು ಸವಿಸ್ತಾರವಾಗಿ ವಿವರಿಸಿದೆ. ಮಾತಾಡುತ್ತಿದ್ದವಳು ನಾನು, ಎಲ್ಲರೂ ನೋಡುತ್ತಿದ್ದುದು ಅವಳನ್ನು. ಬಾಯಿಸಾ ಎಲೆಗಳನ್ನು ಓಢಣಿಯ ತುದಿಗೆ ಗಂಟು ಹಾಕಿಕೊಂಡರು.

ಅದೇ ಸಂಜೆ ದಿಬ್ಬಗಳ ಬಳಿ ಕರೆದೊಯ್ದಾಗ ಅವಳು ನಿಂತ ನಿಲುವಿನಲ್ಲೇ ಹೊಸದೊಂದನ್ನು ಹೇಳಿದಳು:

ಉಸುಕಿನ ಊರಿಗೆ ಹಸಕೊಂಡು ಬಂದೇನ
ಬಿಸಿಲಿಗೆ ಬಾಗಿಲ ತೆರದಾರ — ಈ ಮಂದಿ
ನೆರಳಿಗೂ ಹೆಸರ ಇಟ್ಟಾರ.

ಆ ದಿನದ ಬಗ್ಗೆ ನನ್ನ ನೋಟುಬುಕ್ಕಿನಲ್ಲಿ ನಾಲ್ಕು ಪುಟಗಳಿದ್ದವು. ನಾಲ್ಕು ಪುಟಗಳಲ್ಲಿ ಆ ಮೂರನೆಯ ಸಾಲು ಇರಲಿಲ್ಲ. ಅಂದು ಪ್ರಾಮಾಣಿಕವಾಗಿಯೇ ಹಿಂದಿಗೆ ತಿರುಗಿಸಿದೆ, ಆದರೆ ಒರಟಾಗಿ. ಅರ್ಧ ಸೊಗಸು ನನ್ನ ಬಾಯಲ್ಲೇ ಉದುರಿಹೋಯಿತು. ಉಳಿದರ್ಧಕ್ಕೇ ಅವರು ತಲೆದೂಗಿದರು. ನನ್ನನ್ನು ದಾಟಿಯೂ ಅವಳು ಅವರನ್ನು ತಲುಪುತ್ತಿದ್ದಳು. ಇದನ್ನು ಸಹಿಸುವುದು —

ಮರುದಿನ ಬೆಳಿಗ್ಗೆ ಬಾಯಿಸಾ ನೀವೂ ಬರೆಯುತ್ತೀರಂತೆ ಎಂದರು. ಹಿಂದಿಗೆ ತಂದಿಟ್ಟುಕೊಂಡಿದ್ದ ಪದ್ಯವೊಂದನ್ನು ಕೊಟ್ಟೆ. ಎರಡು ಸಲ ಓದಿ, ನಾಲ್ಕು ಮಡಿಕೆ ಮಡಚಿ ಮರಳಿಸಿದರು. ಭಾಷೆ ಬಹಳ ಶುದ್ಧವಾಗಿದೆ ಎಂದರು. ಅಷ್ಟೇ.

ಅದಾದ ಒಂದು ಗಂಟೆಗೆ ಫಕ್ಕೀರವ್ವನ ಸರದಿ ಬಂತು. ಬಾಯಿಸಾ ಮತ್ತು ಆರು ಜನ, ಎದುರಿಗೆ ಅವಳು, ಪಕ್ಕದಲ್ಲಿ ನಾನು. ಈ ಹಾಡುಗಳು ನಿನ್ನಲ್ಲಿಗೆ ಎಲ್ಲಿಂದ ಬಂದವು ಎಂದು ಬಾಯಿಸಾ ಕೇಳಿದರು. ಎಲ್ಲವೂ ನಿಂತಿದ್ದು ಆ ಒಂದು ಪ್ರಶ್ನೆಯ ಮೇಲೆ. ಸ್ವಂತ ರಚನೆಯಿದ್ದವಳಿಗೇ ಆ ಒಂದು ವರ್ಷ, ಆ ಪುಸ್ತಕ. ಫಕ್ಕೀರವ್ವ ತಡವರಿಸದೆ ಹೇಳಿದಳು: “ಒಂದೀಟು ನಮ್ಮವ್ವ ಹಾಡತಿದ್ದಳ್ರಿ. ಉಳದದ್ದೆಲ್ಲಾ ನಾ ಕಟ್ಟೀನಿ.”

ರಚಿಸಿದ್ದಾಳೆ ಎಂಬುದಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ನಾನು ಹೇಳಿದ್ದು ಇದು: “ಮಾಂ ಕೇ ಗೀತ್ ಹೈಂ. ಇಸನೇ ಇಕಟ್ಠಾ ಕಿಯೇ ಹೈಂ.” ತಾಯಿಯ ಹಾಡುಗಳು, ಇವಳು ಒಟ್ಟುಗೂಡಿಸಿದ್ದಾಳೆ.

ಹಿಂದಿನ ಸಂಜೆಯ ಹೊಸ ಹಾಡು ಕೇಳಿದ್ದ ಬಾಯಿಸಾಗೆ ಅನುಮಾನ ಬಂದಿರಬೇಕು. ನನ್ನನ್ನು ಬಿಟ್ಟು ನೇರವಾಗಿ ಅವಳ ಮುಖ ನೋಡಿ, “ಇಕಟ್ಠಾ?” ಎಂದರು. ಸಂತೆಯ ನಾಲ್ಕು ಮಾತು ಬಿಟ್ಟರೆ ಫಕ್ಕೀರವ್ವನಿಗೆ ಹಿಂದಿ ಬಾರದು. ಆ ಪದದೊಳಗೆ ಅವಳಿಗೆ ತನ್ನ ಮಾತೇ ಕೇಳಿಸಿತು. ಮುಖ ಅರಳಿತು. ಎದೆಯ ಮೇಲೆ ಕೈಯಿಟ್ಟು, “ಹೌದ್ರಿ. ಕಟ್ಟೀನಿ, ಕಟ್ಟೀನಿ” ಎಂದಳು. ಆರು ಜನ ಬರೆದುಕೊಂಡರು.

ಸರಿಪಡಿಸಲು ಸಮಯವಿತ್ತು. ಚಹಾ ಬಂತು, ಬಿಸ್ಕೀಟು ಬಂತು, ಹರಟೆ ನಡೆಯಿತು. ಅವಳು ನನ್ನ ಕಿವಿಯ ಬಳಿ ಬಾಗಿ, ಹಿಂದಿಯಲ್ಲೂ ಕಟ್ಟುವುದಕ್ಕೆ ಕಟ್ಟುವುದೆಂದೇ ಅನ್ನುತ್ತಾರಲ್ಲ ಅಕ್ಕ ಎಂದು ಬೆರಗಿನಿಂದ ಕೇಳಿದಳು. ನಾನು ಹೂಂ ಎಂದೆ. ಆ ಒಂದು ‘ಹೂಂ’ ಮೊದಲ ಸುಳ್ಳಿಗಿಂತ ಹೊಲಸು.

ಆಯ್ಕೆಯಾದವಳು ಬೇರೊಬ್ಬಳು. ಫಕ್ಕೀರವ್ವನ ಹತ್ತು ಹಾಡುಗಳು ಎಲ್ಲರ ಜೊತೆ ಒಂದು ಸಂಕಲನದಲ್ಲಿ ಬಂದವು. ಕೆಳಗೆ ಹೀಗಿದೆ: ಪಾರಂಪರಿಕ, ಕರ್ತೃ ಅಜ್ಞಾತ. ಸಂಗ್ರಹಿಸಿದವಳೆಂದು ಸಣ್ಣ ಅಕ್ಷರದಲ್ಲಿ ಅವಳ ಹೆಸರು. ಅನುವಾದಕಿಯೆಂದು ಅದಕ್ಕಿಂತ ತುಸು ದೊಡ್ಡ ಅಕ್ಷರದಲ್ಲಿ ನನ್ನದು.

ಮರಳುವ ರೈಲಿನಲ್ಲಿ, ತನ್ನಲ್ಲಿ ಅವರಿಗೆ ಏನು ಕಡಿಮೆ ಕಂಡಿತು ಎಂದು ಅವಳು ಕೇಳಿದಳು. ನಿಜ ಹೇಳಲು ಎರಡು ಹಗಲುಗಳಿದ್ದವು. ನಾನು ಹೇಳಿದೆ: “ಹಳೇ ಹಾಡು ಅವರಿಗೆ ಭಾಳ ಸೇರಿದವಂತ. ನೀ ಕಟ್ಟಿದ್ದು ಅಷ್ಟು ಹಿಡಸಲಿಲ್ಲಂತ.” ಅವಳು ಕಿಟಕಿಯ ಕಡೆ ತಿರುಗಿ, ಖರೆ ಐತಿ ಬಿಡಕ್ಕ, ಅವ್ವನ ಮುಂದ ನಂದೇನು, ಎಂದಳು.

ನಾಲ್ಕು ವರ್ಷ ನಾನು ಚೆನ್ನಾಗಿ ಬೆಳೆದೆ. ಅಜ್ಞಾತರೆನಿಸಿಕೊಂಡ ಹೆಣ್ಣುಮಕ್ಕಳ ಪರವಾಗಿ ಬರೆದೆ, ಸಭೆಗಳಲ್ಲಿ ಗುಡುಗಿದೆ. ಈ ವರ್ಷ ಮುಂಡರಗಿಯ ಸಭೆಯೊಂದರಲ್ಲಿ ಅದೇ ವಿಷಯ ಮಾತಾಡಿ ಕುಳಿತಾಗ, ಡೋಣಿಯಿಂದ ಬಂದಿದ್ದ ಒಬ್ಬ ಶಾಲಾ ಶಿಕ್ಷಕಿ ಎದ್ದು ನಿಂತರು. ಕೈಯಲ್ಲಿ ಆ ಸಂಕಲನವಿತ್ತು. “ಮೇಡಮ್, ನೀವ ಅನುವಾದ ಮಾಡೀರಿ ಇದನ್ನ. ಚಾರ್ಜರ್ ಹಾಡಿಗೂ ಕರ್ತೃ ಅಜ್ಞಾತ ಅಂತ ಐತಿ. ಚಾರ್ಜರ್ ಬಂದ ಮ್ಯಾಲೆ ಹುಟ್ಟಿದ ಅಜ್ಞಾತರು ಯಾವ ಊರಾಗ ಇರತಾರ್ರಿ?” ಸಭೆ ನಕ್ಕಿತು. ಮುದ್ರಣದ ತಪ್ಪಿರಬಹುದು ಎಂದೆ. ಅದು ನನ್ನ ಕೊನೆಯ ಸುಳ್ಳು ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ; ಈ ವಿಷಯದಲ್ಲಿ ಕೊನೆಯದು.

ಮರುದಿನ ಬೆಟಗೇರಿಗೆ ಹೋದೆ. ಫಕ್ಕೀರವ್ವ ನೂಲು ಸುತ್ತುತ್ತಿದ್ದಳು. ಪಕ್ಕದಲ್ಲಿ ಮೊಬೈಲು ಯಾವುದೋ ಸಿನಿಮಾ ಹಾಡು ಹಾಡುತ್ತಿತ್ತು. ಅವಳು ಹಾಡುತ್ತಿರಲಿಲ್ಲ. ಎಲ್ಲವನ್ನೂ ಹೇಳಿದೆ — ಪದ, ಹೂಂ, ರೈಲಿನ ಮಾತು, ಗುಟ್ಟಾಗಿ ಕಳಿಸಿದ ನನ್ನ ಪದ್ಯಗಳು. ಅವಳು ಮೊಬೈಲು ಬಂದ್ ಮಾಡಿದಳು. ಇಕಟ್ಠಾ ಅಂದರೆ ಖರೆ ಏನರ್ಥ ಎಂದು ಒಮ್ಮೆ ಕೇಳಿ ತಿಳಿದುಕೊಂಡಳು. ಆಮೇಲೆ ಕೈಯಲ್ಲಿದ್ದ ಕಂಡಿಕಿ ತುಂಬುವವರೆಗೆ ಸುತ್ತಿ, ತೆಗೆದಿಟ್ಟು, ಹೇಳಿದಳು:

“ಅಲ್ಲಿಂದ ಬಂದ ಮ್ಯಾಲೆ ನಾ ಒಂದೂ ಕಟ್ಟಿಲ್ಲ. ಬರಲಿಲ್ಲ ಅಂತಲ್ಲ. ಬಂದಾಗೆಲ್ಲಾ, ಇದು ಮಂದಿಗೆ ಹಿಡಸೂದಿಲ್ಲ ಅಂತ ನಾನ ಅದರ ಬಾಯಿ ಮುಚ್ಚೀನಿ.”

ಒಂದು ಪುಸ್ತಕವನ್ನು, ಒಂದು ವರ್ಷವನ್ನು ಕಿತ್ತುಕೊಂಡೆ ಎಂದುಕೊಂಡಿದ್ದೆ. ನಾಲ್ಕು ವರ್ಷದ ಹಾಡುಗಳನ್ನು — ಯಾವ ಮೊಬೈಲಿನಲ್ಲೂ ಇಲ್ಲದ, ಇನ್ನೆಂದೂ ಯಾರೂ ಕೇಳದ ಹಾಡುಗಳನ್ನು — ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಎದ್ದು ಹೊರಟಾಗ ಅವಳು ಹೊಸ್ತಿಲವರೆಗೆ ಬಂದಳು. “ಇಷ್ಟಕ್ಕ ಹೊಟ್ಟಿಕಿಚ್ಚು ಯಾಕ ಮಾಡಿಕೊಂಡ್ರಿ ಅಕ್ಕಾರ? ಕೇಳಿದ್ರ ಹೆಂಗ ಕಟ್ಟೂದಂತ ನಿಮಗ ಹೇಳಿಕೊಡತಿದ್ದೆ.” ಮತ್ತೆ ‘ಅಕ್ಕಾರ’. ಮತ್ತೆ ‘ರಿ’.

ಆ ಮಾತಿಗೂ ನನ್ನೊಳಗೆ ಮೊದಲು ಎದ್ದದ್ದು ಪಶ್ಚಾತ್ತಾಪವಲ್ಲ — ಇವಳು ನನಗೆ ಹೇಳಿಕೊಡುವುದೇ ಎಂಬ ಉರಿ. ಅರ್ಧ ಓಣಿ ದಾಟುವವರೆಗೆ ಇತ್ತು. ಈಗ ಹೋಗಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬರೆಯಲಾರೆ.

ಸಂಸ್ಥೆಗೆ ನನ್ನ ಸಹಿಯೊಂದಿಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದೆ. ಅನುವಾದಕಿಯಾಗಿ ನನ್ನ ಹೆಸರು ತೆಗೆಯಿರಿ ಎಂದೂ ಬರೆದೆ. ರಚಿಸಿದವಳೇ ಲಿಖಿತ ಹೇಳಿಕೆ ಕೊಟ್ಟರೆ ತಿದ್ದುವುದಾಗಿ ಉತ್ತರ ಬಂತು. ಚೊಕ್ಕವಾಗಿ ಒಂದು ಹೇಳಿಕೆ ಬರೆದು ಅವಳಲ್ಲಿಗೆ ಒಯ್ದೆ. ಸಹಿಯ ಜಾಗ ಬಿಟ್ಟಿದ್ದೆ. ಅವಳು ಓದಿ ನನಗೇ ಮರಳಿಸಿದಳು. ನೀವು ಬರೆದದ್ದಕ್ಕೆ ನಾನು ಸಹಿ ಮಾಡುವುದಿಲ್ಲ, ನನಗೇನು ಹೇಳುವುದಿದೆಯೋ ಅದನ್ನು ನಾನೇ ಬರೆಯುತ್ತೇನೆ, ಯಾವಾಗ ಎಂದು ಕೇಳಬೇಡಿರಿ ಎಂದಳು. ಅವಳ ಹೆಸರು ಹಾಕಿ ಇದನ್ನು ಅಚ್ಚಿಗೆ ಕೊಡಲೇ ಎಂದು ಕೇಳಿದೆ. ಹಾಕಿರಿ, ಇಷ್ಟು ದಿನ ಹಾಕದೆ ಇದ್ದದ್ದೇ ಸಾಕು ಎಂದಳು.

ಆದ್ದರಿಂದ ಇದು ನನ್ನ ಹೇಳಿಕೆ ಮಾತ್ರ. ಅವಳದು ಇನ್ನೂ ಬರಬೇಕಿದೆ. ಅದು ಬಂದ ದಿನ, ಈ ಬರಹಕ್ಕೂ ಅದಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಕಂಡೀತೋ ಅಲ್ಲೆಲ್ಲ ನನ್ನ ಮಾತನ್ನು ಹೊಡೆದುಹಾಕಿ ಅವಳ ಮಾತನ್ನು ಓದಿಕೊಳ್ಳಿ.